ಮೂರು ತಿಂಗಳ ಮುಯ್ಯಿ

ನನಗೆ ಕೇಳುವ ಚಟ. ಹೊಲಿಯಲು ಕೊಡುವವರು ಅಳತೆ ಕೊಟ್ಟು ಹೋಗಬೇಕು, ನಾನು ಹೇಳಿದ ದಿನಕ್ಕೆ ಹೊಲಿದು ಕೊಡಬೇಕು, ಅಲ್ಲಿಗೆ ಮುಗಿಯಿತು. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ! ಈ ಸಲ ಜಂಪರು ಯಾಕೆ ಸಡಿಲು ಬೇಕು, ಮಗಳ ಮನೆಗೆ ಹೋದವರು ಮರುದಿನವೇ ಯಾಕೆ ಹೊಳ್ಳಿ ಬಂದಿರಿ, ಸೊಸೆ ಒಬ್ಬಳೇ ಯಾಕೆ ಬಂದಳು, ಎಲ್ಲ ಬೇಕು ನನಗೆ. "ಇಕಿ ಕಡೆ ಜಂಪರ ಹೊಲಿಸೂದಂದ್ರ ಕೋರ್ಟಿನಾಗ ಸಾಕ್ಷಿ ಹೇಳಿದಂಗವಾ" ಎಂದು ನಮ್ಮ ಓಣಿಯ ಹೆಂಗಸರು ನಗುತ್ತಾರೆ. ನಗಲಿ. ಆದರೂ ಬರುತ್ತಾರೆ, ಹೇಳಿಯೂ ಹೋಗುತ್ತಾರೆ.

ಬೈಲಹೊಂಗಲದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಸಂಪಗಾಂವದಿಂದ, ಕಿತ್ತೂರ ಕಡೆಯ ಹಳ್ಳಿಗಳಿಂದ ಸಂತೆಗೆ ಬಂದವರು ಬಟ್ಟೆ ಕೊಟ್ಟು ಹೋಗುತ್ತಾರೆ. ಹಿಂದಿನ ಅಡಿಗೆಮನೆ ಅವ್ವನದು. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ಅವ್ವ ನೆಲಕ್ಕೆ ಕೂತು ರೊಟ್ಟಿ ಬಡಿದದ್ದನ್ನು ನಾನು ನೋಡಿಲ್ಲ. ಕಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ನಿಂತೇ ಬಡಿಯುತ್ತಾಳೆ. "ಪ್ಯಾಟಿ ಹೆಂಗಸ ನೋಡ್ರಿ, ಸೀರಿ ನಿರಿಗಿ ಕೆಡತಾವ" ಎಂದು ನೆಂಟರು ಚೇಷ್ಟೆ ಮಾಡಿದರೆ ಅವ್ವ ನಕ್ಕು ಸುಮ್ಮನಾಗುತ್ತಾಳೆ. ಎಲ್ಲಿಗೂ ಹೋಗುವುದಿಲ್ಲ. ಮದುವೆ, ಸೀಮಂತ, ಎಲ್ಲಮ್ಮನ ಗುಡ್ಡ, ಯಾವುದಕ್ಕೆ ಕರೆದರೂ ಒಂದೇ ಮಾತು: "ನೀ ಹೋಗಿ ಬಾರವಾ, ನಾ ಮನಿ ಕಾಯತೇನಿ." ಅವಳಿಗಿರುವ ಒಂದೇ ಹುಚ್ಚು ಕೌದಿಯದು. ನನ್ನ ಮಶಿನ್ನಿನ ಕೆಳಗೆ ಬೀಳುವ ಚಿಂದಿಯಲ್ಲಿ ಮೆತ್ತನೆಯ ಹತ್ತಿಬಟ್ಟೆಯನ್ನು ಆರಿಸಿ ಆರಿಸಿ ಗಂಟು ಕಟ್ಟಿಕೊಂಡು ಒಳಗೆ ಒಯ್ಯುತ್ತಾಳೆ. ಕೌದಿ ಹೊಲೀತೇನಿ ಅನ್ನುತ್ತಾಳೆ. ನಾನು ಮಶಿನ್ ಕಲಿತಾಗಿನಿಂದ ಆ ಚಿಂದಿ ಅವಳ ಪಾಲು.

ಈ ಕಥೆ ಶುರುವಾದದ್ದು ಚಿಗವ್ವನಿಂದ, ಅಂದರೆ ಅವ್ವನ ತಂಗಿಯಿಂದ. ಆಕೆ ಇರುವುದು ಸವದತ್ತಿಯಲ್ಲಿ. ಗಂಡ ಇಲ್ಲ; ಇದ್ದೊಬ್ಬ ಮಗಳನ್ನು ರಾಮದುರ್ಗಕ್ಕೆ ಕೊಟ್ಟಿದ್ದಾಳೆ. ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಖಾನಾವಳಿಗೆ ದಿನಾ ರೊಟ್ಟಿ ಬಡಿದು ಕೊಡುವುದೇ ಅವಳ ಜೀವನ. ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ಗದ್ದಲ, ಆಗ ರೊಟ್ಟಿಗೆ ಲೆಕ್ಕವೇ ಇಲ್ಲ. ಚಿಗವ್ವನ ರೊಟ್ಟಿ ಎಂದರೆ ತೆಳ್ಳಗೆ, ದುಂಡಗೆ, ಅಂಚು ಒಡೆದಿರುವುದಿಲ್ಲ. ಬಾಯಿಯೂ ಅಷ್ಟೇ ಖಡಕ್ಕು.

ಅವತ್ತು ಬಂದವಳು ಮೆತ್ತನೆಯ ದಪ್ಪ ಬಟ್ಟೆ ಕೈಗಿಟ್ಟು, ಬಿಗಿಯಾದ ಒಳಚಡ್ಡಿ ಹೊಲಿದುಕೊಡು, ನಡುವೆ ಅಗಲ ಪಟ್ಟಿ ಇರಲಿ, ಜಗ್ಗಿ ಕಟ್ಟಲು ಲಾಡಿ ಇರಲಿ ಅಂದಳು.

"ಯಾಕ ಚಿಗವ್ವಾ, ಕುಸ್ತಿ ಆಡೂದೈತೇನ?"

"ಹೊಲಿ ಅಂದ್ರ ಹೊಲೀಬೇಕ. ನಿನಗ್ಯಾಕ ಊರ ಉಸಾಬರಿ?"

ನಾನು ಬಿಡುವವಳಲ್ಲ. ಪಟ್ಟಿ ಎಲ್ಲಿಂದ ಎಲ್ಲಿಗೆ ಬರಬೇಕು, ಏನನ್ನು ತಡೆಯಬೇಕು, ತಿಳಿಯದೆ ಹೊಲಿಯುವುದು ಹೇಗೆ? ಹಾಗೆಂದು ಜಬರಿಸಿ ಕೇಳಿದೆ. ಚಿಗವ್ವ ಬಾಗಿಲ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು, ದನಿ ಇಳಿಸಿ ಹೇಳಿದಳು.

"ಗರ್ಭಚೀಲ ಕೆಳಗ ಬಂದೈತಿ. ಮುಂಜಾನೆ ಏಳೂಮುಂದ ಒಳಗ ಇರತೈತಿ. ರೊಟ್ಟಿ ಬಡದ ಏಳೂದ್ರಾಗ ಹೊರಗ ಬಂದಿರತೈತಿ. ಕೈಲೆ ಒಳಗ ದೂಡಿಕೋತೇನಿ. ಮೊದಲ ನಿಂಬಿಹಣ್ಣಿನಷ್ಟಿತ್ತ, ಈಗ ದೊಡ್ಡದಾಗೇತಿ. ಕೆಮ್ಮಿದ್ರ ಉಚ್ಚಿ ನಿಲ್ಲಂಗಿಲ್ಲ."

ನನ್ನ ಮಶಿನ್ ನಿಂತೇಹೋಯಿತು. ಇಷ್ಟು ವರ್ಷ ಹೆಂಗಸರ ಮೈಯ ಅಳತೆ ತೆಗೆದವಳು ನಾನು. ಎದೆ, ನಡು, ತೋಳು, ಕೊರಳು, ಯಾರದು ಎಷ್ಟೆಂದು ಕಣ್ಣು ಮುಚ್ಚಿ ಹೇಳಬಲ್ಲೆ. ಮೈಯೊಳಗೆ ಹೀಗೊಂದು ಆಗುತ್ತದೆ, ಅದನ್ನು ಒಳಗೆ ತಳ್ಳಿಕೊಂಡು ಒಬ್ಬಳು ಮತ್ತೆ ರೊಟ್ಟಿಗೆ ಕೂರುತ್ತಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅವ್ವ ಚಹಾ ತಂದಳು. ಕೇಳಿಸಿಕೊಂಡಿದ್ದಳೋ ಏನೋ, ಕಪ್ಪು ಕೆಳಗಿಟ್ಟು, "ಚಡ್ಡೀಲೆ ಆಗೂ ಕೆಲಸ ಅಲ್ಲದು. ಇಕಿನ್ನ ದವಾಖಾನಿಗೆ ಕರಕೊಂಡ ಹೋಗ" ಎಂದು ನನಗೆ ಹೇಳಿ ಒಳಗೆ ಹೋದಳು.

ನಾನೇ ಕರೆದುಕೊಂಡು ಹೋದೆ. ಸರಕಾರಿ ದವಾಖಾನೆಯ ಲೇಡಿ ಡಾಕ್ಟರು ನಮ್ಮ ಕಡೆಯವರೇ. ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಕೂತರು. ಜಾರಿರುವುದು ಬಹಳ, ಆಪರೇಶನ್ ಮಾಡಬೇಕು, ಹೊಟ್ಟೆ ಕೊಯ್ಯುವುದಿಲ್ಲ, ಕೆಳಗಿನಿಂದಲೇ ಆಗುತ್ತದೆ ಅಂದರು. ಒಳಗೆ ರಬ್ಬರಿನ ರಿಂಗು ಹಾಕಿಕೊಂಡು ತಡೆಯುವ ಉಪಾಯವೂ ಇದೆಯಂತೆ. ಹಾಕಿ ನೋಡಿದರು, ಚಿಗವ್ವನಿಗೆ ಅದು ನಿಲ್ಲಲಿಲ್ಲ. ನನ್ನ ಪ್ರಶ್ನೆಗಳು ಶುರುವಾದವು. ಯಾಕೆ ಜಾರುತ್ತದೆ? ಹಡೆಯುವಾಗ ಒಳಗಿನ ಆಸರೆ ಸಡಿಲಾಗುತ್ತದೆ. ಬಾಣಂತನ ಮುಗಿಯುವುದರೊಳಗೆ ಕೊಡ ಎತ್ತಿದರೆ, ವರ್ಷಗಟ್ಟಲೆ ಭಾರ ಹೊತ್ತರೆ, ವಯಸ್ಸಾದರೆ ಇನ್ನೂ ಸಡಿಲಾಗುತ್ತದೆ. ಇಂಥವರು ಎಷ್ಟು ಮಂದಿ ಇದ್ದಾರೆ?

ಡಾಕ್ಟರು ನಕ್ಕರು. "ಇಲ್ಲಿ ಬಂದವರು ನನಗ ಗೊತ್ತದಾರ. ಬರದೇ ಮನಿಯಾಗ ಕುಂತವರನ್ನ ಯಾರ ಎಣಿಸ್ಯಾರ ಹೇಳ್ರಿ? ನೀವ ಕೇಳ್ತೀರಲ್ಲ, ಕೇಳಿ ನೋಡ್ರಿ."

ಆಪರೇಶನ್ನಿಗೆ ದುಡ್ಡು ಕೊಡಬೇಕಾಗಿಲ್ಲ, ಬಿಪಿಎಲ್ ಕಾರ್ಡಿನ ಮೇಲೆ ಆಗುತ್ತದೆ ಎಂದಾಗ ಚಿಗವ್ವನ ಮುಖ ಅರಳಿತು. ಆಮೇಲೆ ಡಾಕ್ಟರು, ಮೂರು ತಿಂಗಳು ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಕೂರಬಾರದು, ಒಲೆ ಮುಂದೆ ಹೋಗಲೇಬಾರದು ಅಂದರು. ಚಿಗವ್ವ ಎದ್ದು ನಿಂತೇಬಿಟ್ಟಳು.

"ಮೂರ ತಿಂಗಳಾ? ರೊಟ್ಟಿ ಯಾರ ಬಡೀಬೇಕರಿ, ನಿಮ್ಮ ನರ್ಸಮ್ಮಾರೇನ?"

ದಾರಿಯುದ್ದಕ್ಕೂ ಅವಳದು ಅದೇ ಬಡಬಡಿಕೆ. "ಆಪರೇಶನ್ ಫುಕಟ್ ಅಂತ. ಆ ಮೂರ ತಿಂಗಳ ಯಾವನ ಫುಕಟ್ ಕೊಡತಾನ? ಖಾನಾವಳಿಯಾವ ನಾಲ್ಕ ದಿನಾ ನೋಡತಾನ, ಐದನೇ ದಿನಕ್ಕ ಬ್ಯಾರೇದಾಕಿನ್ನ ಹಿಡೀತಾನ. ಆಮ್ಯಾಲ ನಾ ಗಟ್ಟಿಯಾಗಿ ಮಾಡೂದಾರ ಏನ?" ಮಗಳನ್ನು ಕರೆಸೋಣವೆಂದರೆ ಅವಳ ಕೈಯಲ್ಲಿ ಹಾಲು ಕುಡಿಯುವ ಕೂಸು. ಖಾನಾವಳಿ ಕೈಬಿಟ್ಟರೆ ಚಿಗವ್ವನ ಊಟವೇ ಹೋಯಿತು. ಹಾಗೆಯೇ ಬಿಟ್ಟರೆ ಆ ರೊಟ್ಟಿ ಬಡಿಯುವ ಮೈಯೇ ಹೋಗುತ್ತದೆ.

ಬಸ್ಸು ಹತ್ತುವಾಗ ಚಿಗವ್ವ ತಟ್ಟನೆ ಅಂದಳು: "ಮುಯ್ಯಾಳ ಕೇಳತೇನಿ."

ಅವ್ವ, ಚಿಗವ್ವ ಇಬ್ಬರೂ ಹುಟ್ಟಿ ಬೆಳೆದದ್ದು ಕಟಕೋಳದಲ್ಲಿ. ಅಲ್ಲಿ ಹೊಲದ ಕೆಲಸಕ್ಕೆ ಮುಯ್ಯಾಳು ಕರೆಯುವುದು ಹಳೆಯ ರೂಢಿ. ಇವತ್ತು ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ, ಕೂಲಿ ಇಲ್ಲ. ಆದರೆ ಒಂದು ಕರಾರು ಪಕ್ಕಾ: ಯಾವ ಕೆಲಸಕ್ಕೆ ಬಂದಿದ್ದೆಯೋ ಅದೇ ಕೆಲಸದಲ್ಲಿ ಮುಯ್ಯಿ ತೀರಿಸಬೇಕು. ಕಳೆ ತೆಗೆದದ್ದಕ್ಕೆ ಕಳೆ, ಸುಗ್ಗಿಗೆ ಸುಗ್ಗಿ. ಅದನ್ನು ರೊಟ್ಟಿಗೆ ತಂದವಳು ಬಹುಶಃ ಚಿಗವ್ವ ಒಬ್ಬಳೇ ಇರಬೇಕು. ನನಗೆ ಎಷ್ಟು ಕುತೂಹಲವಾಯಿತೆಂದರೆ, ಅಂಗಡಿ ಮುಚ್ಚಿ ಅವಳ ಹಿಂದೆಯೇ ಸವದತ್ತಿಗೆ ಹೋದೆ.

ಚಿಗವ್ವ ಮೊದಲು ಕರೆದದ್ದು ಪಕ್ಕದ ಮನೆಯ ಹಾಲು ಮಾರುವಾಕೆಯನ್ನು. ವಿಷಯ ಮುಚ್ಚಿಡದೆ ಹೇಳಿದಳು. ಆಕೆ ಪೂರ್ತಿ ಕೇಳಿ, "ಬರತೇನ ತಗೋ" ಅಂದಳು.

"ಮುಯ್ಯಿ ಹೆಂಗ ತೀರಸಲಿ? ಎಮ್ಮಿ ಹಿಂಡಾಕ ಬರಲ್ಯಾ?"

"ಎಮ್ಮಿ ಹಿಂಡಾಕ ನನ್ನ ಮಗ ಅದಾನ." ಹಾಲಿನವಳು ನನ್ನ ಕಡೆ ಒಮ್ಮೆ ನೋಡಿದಳು, ಚಿಗವ್ವನ ಕಡೆ ತಿರುಗಿದಳು. "ಇದಕ್ಕ ಇದs ಮುಯ್ಯಿ. ನಾ ಆಪರೇಶನ್ನಿಗೆ ಹೋದಾಗ ನೀ ಬಾ."

"ನಿನಗೂ?" ಎಂದು ಚಿಗವ್ವ ಕೇಳಿದಳು. "ಯಾರಿಗಿಲ್ಲವಾ ತಾಯಿ" ಅಂದಳು ಅವಳು. ಗೋಡೆಗೆ ಗೋಡೆ ಹಚ್ಚಿದ ಮನೆಗಳು. ಸಾರು, ಸಕ್ಕರೆ, ಜಗಳ ಎಲ್ಲ ಕೊಟ್ಟು ತೆಗೆದುಕೊಂಡವರು. ಇದೊಂದು ಮಾತ್ರ ಆ ಗೋಡೆ ದಾಟಿರಲಿಲ್ಲ.

ಎರಡನೆಯವಳು ಕಾಯಿಪಲ್ಲೆ ಮಾರುವಾಕೆ. ಅವಳೂ ಹೂಂ ಅಂದಳು, ಅವಳೂ ಅದೇ ಮುಯ್ಯಿ ಕೇಳಿದಳು. ಮೂರನೆಯವಳು ಕಚೇರಿಯೊಂದರಲ್ಲಿ ಕ್ಲಾರ್ಕ್; ಬುದ್ಧ ಪೂರ್ಣಿಮೆಗೆ ಓಣಿಗೆಲ್ಲ ಪಾಯಸ ಹಂಚುವ ಮನೆಯವಳು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳಿಗೆ ಇದೆಲ್ಲ ಇರಲಾರದು ಅಂದುಕೊಂಡೆ. ಆಕೆ ಕನ್ನಡಕ ಒರೆಸುತ್ತ, "ಎರಡನೇ ಹೆರಿಗಿ ಆದಮ್ಯಾಲಿಂದ ಐತಿ. ಆಫೀಸಿನಾಗ ಮೂರನೇ ಮಾಳಿಗಿ ಫೈಲ ನೀವ ತರ್ರಿ ಅಂತ ಜವಾನಗ ಹೇಳತೇನಿ. ಅವ ನನಗ ಸೊಕ್ಕು ಅಂತಾನ" ಅಂದಳು. ರವಿವಾರ ಮತ್ತು ಸೂಟಿಯ ದಿನಗಳನ್ನು ತನಗೆ ಬಿಡಲು ಹೇಳಿದಳು. ಅವಳ ಕರಾರೂ ಅದೇ.

ನನಗೆ ಬೆರಗೋ ಬೆರಗು. ಡಾಕ್ಟರು ಕೇಳಿ ನೋಡಿ ಅಂದಿದ್ದರು. ನಾನು ಕೇಳುವ ಮೊದಲೇ ರೊಟ್ಟಿ ಕೇಳಿಬಿಟ್ಟಿತ್ತು. ಅಲ್ಲಿಂದ ನನ್ನ ಕಣ್ಣೇ ಬೇರೆಯಾಯಿತು. ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರನ್ನು ನೋಡುತ್ತ ಕೂರುತ್ತಿದ್ದೆ. ಆ ಮುದುಕಿ ಮೆಟ್ಟಿಲು ಹತ್ತುವಾಗ ಸೀರೆಯನ್ನು ಮುಂದಿನಿಂದ ಯಾಕೆ ಹಿಡಿದುಕೊಂಡಳು? ಈಕೆ ಬಸ್ಸು ಬರುವ ಮೊದಲು ಎರಡೆರಡು ಸಲ ಪಾಯಖಾನೆಗೆ ಯಾಕೆ ಹೋದಳು? ಸಂತೆಯಲ್ಲಿ ಆ ಹೆಂಗಸು ಚೀಲ ಕೆಳಗಿಟ್ಟು ಯಾರಿಗೋ ಕಾಯುತ್ತಿದ್ದಾಳಲ್ಲ, ನಿಜವಾಗಿಯೂ ಕಾಯುತ್ತಿದ್ದಾಳೆಯೇ? ಎದ್ದು ಹೋಗಿ ಕೇಳಬೇಕೆನಿಸುತ್ತಿತ್ತು. ಹೊಡೆಸಿಕೊಂಡೇನೆಂದು ಸುಮ್ಮನಿದ್ದೆ.

ಆದರೆ ಮುಯ್ಯಿಯ ಉಪಾಯ ಮೊದಲ ದಿನವೇ ಕೈಕೊಟ್ಟಿತು. ಆಪರೇಶನ್ನಿಗೆ ಮೊದಲು ಒಮ್ಮೆ ಕೈ ಕೂಡಿಸಿ ನೋಡೋಣವೆಂದು ಎಲ್ಲರೂ ಚಿಗವ್ವನ ಒಲೆಯ ಮುಂದೆ ಸೇರಿದರು. ಹಾಲಿನವಳು ಕೂತಳು, ನಾಲ್ಕು ರೊಟ್ಟಿ ಆಗುವುದರೊಳಗೆ ತುಟಿ ಕಚ್ಚಿಕೊಂಡು ಎದ್ದಳು. ಪಲ್ಲೆಯವಳು ಕೂತಳು, ಅವಳದೂ ಅದೇ ಗತಿ. ಕ್ಲಾರ್ಕ್ ಹೆಂಗಸು ಕೂರುವ ಮೊದಲೇ, "ನನಗ ಕುಂದ್ರಾಕs ಆಗೂದಿಲ್ಲವಾ" ಎಂದು ಕೈ ಮುಗಿದಳು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದು ಬಿದ್ದು ನಕ್ಕರು. "ಅಯ್ಯ ಶಿವನ, ನಕ್ಕರೂ ಜಾರತೈತಿ, ಸುಮ್ನಿರ್ರೇ" ಎಂದು ಹಾಲಿನವಳು ಬೈದಳು. ನಗು ನಿಂತ ಮೇಲೆ ಚಿಗವ್ವ ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮೂಲೆಗೆ ಕೂತಳು. ಯಾವ ಬ್ಯಾನಿಗಾಗಿ ಮುಯ್ಯಾಳು ಕರೆದಿದ್ದಳೋ, ಬಂದ ಮುಯ್ಯಾಳುಗಳಿಗೂ ಅದೇ ಬ್ಯಾನಿ. ಸಂಜೆ ಖಾನಾವಳಿಯವನು ಬಂದು, "ಕಾಕೂ, ನನ್ನ ಗಿರಾಕಿ ತಾಟ ಮುಂದ ಇಟಗೊಂಡ ಕುಂದ್ರಂಗಿಲ್ಲ. ಆಗೂದಿಲ್ಲಂದ್ರ ಈಗs ಹೇಳಿಬಿಡ್ರಿ" ಎಂದು ಹೇಳಿ ಹೋದ. ಅವನದೇನೂ ತಪ್ಪಿಲ್ಲ. ಚಿಗವ್ವ ಆಪರೇಶನ್ ಬೇಡ ಅಂದುಬಿಟ್ಟಳು.

ನಾನು ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಅವ್ವ ತಟ್ಟೆಗೆ ಅನ್ನ ಹಾಕುತ್ತಿದ್ದವಳು, "ನಾಳೆ ಸವದತ್ತಿ ಬಸ್ಸ ಎಷ್ಟೊತ್ತಿಗೆ?" ಅಂದಳು.

ನಾನು ನನ್ನ ಕಿವಿಯನ್ನೇ ನಂಬಲಿಲ್ಲ. ಮನೆ ಕಾಯುವವಳು ಮನೆಗೆ ಕೀಲಿ ಹಾಕಿದಳು! ಬಸ್ಸಿನಲ್ಲಿ ಶಾಲನ್ನು ಮಡಿಚಿ ಕೆಳಗಿಟ್ಟುಕೊಂಡು, ಒಂದು ಮಗ್ಗುಲಿಗೆ ವಾಲಿ, ಕಂಬಿ ಹಿಡಿದು ಕೂತಳು. ರೂಢಿ ಇಲ್ಲದವಳು, ಅಂಜಿಕೆ ಇರಬೇಕೆಂದು ನಾನು ತೋಳು ಹಿಡಿದುಕೊಂಡೆ.

ಚಿಗವ್ವನ ಮನೆಗೆ ಕಾಲಿಟ್ಟವಳೇ ಒಲೆಯನ್ನು ನೋಡಿದಳು. "ಇದನ್ನ ಮ್ಯಾಲ ಎತ್ತಸ್ರಿ" ಅಂದಳು. ಹಾಲಿನವಳ ಮಗನೂ ಅವನ ಗೆಳೆಯನೂ ಸೇರಿ ಗಟ್ಟಿಮುಟ್ಟಾದ ಹಳೆಯ ಮೇಜೊಂದನ್ನು ತಂದಿಟ್ಟು, ಅದರ ಮೇಲೆ ಗ್ಯಾಸು, ಪಕ್ಕದಲ್ಲಿ ಕಲ್ಲು ಇಟ್ಟರು. ಎತ್ತರ ಹೊಂದಲಿಲ್ಲ, ಅವ್ವ ಕಾಲಿಗೆ ಇಟ್ಟಂಗಿ ಇಡಿಸಿದಳು. ಆಮೇಲೆ ಹಿಟ್ಟು ನಾದಿ, ನಿಂತು ಬಡಿಯತೊಡಗಿದಳು. ಒಂದು ಕಾಲನ್ನು ಸಣ್ಣ ಮಣೆಯ ಮೇಲೆ ಇಡುವುದು, ಸ್ವಲ್ಪ ಹೊತ್ತಿಗೆ ಕಾಲು ಬದಲಿಸುವುದು, ಮೈ ಮುಂದೆ ಹಾಕದೆ ತೋಳಿನಿಂದಲೇ ಬಡಿಯುವುದು, ಹಿಟ್ಟಿನ ಡಬ್ಬಿ ಎತ್ತದೆ ಬಟ್ಟಲಿನಿಂದ ತೆಗೆದುಕೊಳ್ಳುವುದು, ಒಂದೊಂದನ್ನೂ ತೋರಿಸಿದಳು. ಒಂದು ಒಬ್ಬೆ ರೊಟ್ಟಿ ಮುಗಿದರೆ ಹೋಗಿ ಕಾಲು ಮೇಲಿಟ್ಟು ಮಲಗಬೇಕು, ಆಗ ಇನ್ನೊಬ್ಬಳು ನಿಲ್ಲಬೇಕು. ಹೆಂಗಸರು ಒಬ್ಬೊಬ್ಬರಾಗಿ ಪ್ರಯತ್ನಿಸಿದರು. ಆಯಿತು. ರೊಟ್ಟಿ ದುಂಡಗೆ ಬಂತು. ನಡುವೆ ಅವರೆಲ್ಲ ಅವ್ವನ ಮುಖ ನೋಡುತ್ತಿದ್ದರು. ಪ್ಯಾಟಿ ಹೆಂಗಸಿನ ರೂಢಿ ಕೊನೆಗೂ ಉಪಯೋಗಕ್ಕೆ ಬಂತಲ್ಲ ಎಂದು ನಾನು ಹೆಮ್ಮೆಪಡುತ್ತಿದ್ದೆ.

"ಅಕ್ಕಾ, ನಿನಗ ಏನ ಮುಯ್ಯಿ ತೀರಸಲಿ?" ಎಂದು ಚಿಗವ್ವ ಮೆಲ್ಲಗೆ ಕೇಳಿದಳು.

"ತಂಗಿಗೆ ಮಾಡಿದ್ದಕ್ಕ ಎಲ್ಲೀ ಮುಯ್ಯಿ? ಸುಮ್ನ ಹೋಗಿ ಆಪರೇಶನ್ ಮಾಡಿಸಿಕೋ."

ಚಿಗವ್ವನ ಆಪರೇಶನ್ ಆಯಿತು. ಖಾನಾವಳಿಗೆ ಒಂದು ದಿನವೂ ರೊಟ್ಟಿ ತಪ್ಪಲಿಲ್ಲ. ಅವ್ವ ಸವದತ್ತಿಯಲ್ಲೇ ಉಳಿದಳು. ಇತ್ತ ನನ್ನ ಗತಿ ಕೇಳಬೇಡಿ! ನಲ್ಲಿಯ ನೀರು, ಅಡಿಗೆ, ಪಾತ್ರೆ, ಗಿರಾಕಿಗೆ ಚಹಾ, ಎಲ್ಲ ನನ್ನ ಕೊರಳಿಗೆ ಬಿತ್ತು. ಅಂಗಡಿ ತೆರೆಯುವುದು ತಡ, ಹೊಲಿಗೆ ತಡ. ಮದುವೆಯ ಜಂಪರೊಂದು ಮದುವೆಯ ದಿನವೇ ಮುಗಿಯಿತು. ಗಿರಾಕಿ ಬಾಗಿಲಲ್ಲಿ ನಿಂತು ನನ್ನ ಮಾನ ಕಳೆದಳು. ನನ್ನ ದುಡಿಮೆ ಎಂದು ಮೆರೆಯುತ್ತಿದ್ದದ್ದರಲ್ಲಿ ಅರ್ಧ ಅವ್ವನದು ಎಂದು ಆಗ ತಿಳಿಯಿತು.

ಒಂದು ದಿನ ಅವ್ವ ಫೋನ್ ಮಾಡಿದಳು. "ಬರೂಮುಂದ ಚಿಂದಿ ಗಂಟ ತಗೊಂಡ ಬಾ. ಮೆತ್ತಂದು ಅಷ್ಟs."

ರೊಟ್ಟಿಯ ಗದ್ದಲದಲ್ಲಿ ಕೌದಿ ಎಲ್ಲಿಂದ ಬಂತು? ನನ್ನ ಚಟ ಎದ್ದು ಕೂತಿತು. ಇಷ್ಟು ವರ್ಷದ ಚಿಂದಿಯಲ್ಲಿ ಎಷ್ಟು ಕೌದಿ ಆಗಿರಬಹುದು, ನೋಡಿಯೇಬಿಡೋಣ ಎಂದು ಅವ್ವನ ಟ್ರಂಕು ತೆಗೆದೆ. ಕೌದಿ ಇರಲಿಲ್ಲ. ಅರ್ಧ ಹೊಲಿದದ್ದೂ ಇರಲಿಲ್ಲ. ನನ್ನ ಚಿಂದಿಗಳನ್ನೇ ಎರಡೆರಡು ಪದರ ಮಾಡಿ, ಅಂಚು ಮಡಿಚಿ ಹೊಲಿದ ಗೇಣಗಲದ ಬಟ್ಟೆಗಳಿದ್ದವು. ಒಗೆದು ಒಗೆದು ಬಣ್ಣ ಹೋದವು, ಜಾಳು ಜಾಳಾದವು, ಒಂದರ ಮೇಲೊಂದು ಒಪ್ಪವಾಗಿ. ಪಟ್ಟಿ, ಲಾಡಿ ಎಲ್ಲ ಹಚ್ಚಿದ ಮೂರು ಬಿಗಿ ಚಡ್ಡಿಗಳೂ ಇದ್ದವು. ಹೊಲಿಗೆ ಅವ್ವನ ಕೈಯದು.

ನಾನು ಟ್ರಂಕಿನ ಮುಂದೆ ಕೂತು ಅತ್ತೆ. ಅತ್ತದ್ದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮರುದಿನ ಸವದತ್ತಿಗೆ ಹೋಗಿ ಗಂಟನ್ನು ಅವ್ವನ ಮುಂದೆ ಇಟ್ಟೆ.

"ಟ್ರಂಕ ತಗದಿದ್ದೆ ಬೇ ಯವ್ವಾ" ಅಂದೆ.

ಅವ್ವ ರೊಟ್ಟಿ ಹೊರಳಿಸಿದಳು. "ನಿನಗ ಸುಮ್ನ ಇರಾಕ ಯಾವಾಗ ಬರತೈತಿ?"

"ಯಾಕ ಹೇಳಲಿಲ್ಲ?"

"ಹೇಳಿದ್ರ ಏನ ಮಾಡತಿದ್ದಿ? ಮೊದಲ ನಿನ್ನ ಸಾಲಿ ಇತ್ತ. ಆಮ್ಯಾಲ ನಿಮ್ಮಪ್ಪನ ಬ್ಯಾನಿ. ಆಮ್ಯಾಲ ನಿನ್ನ ಅಂಗಡಿ. ಮೂರ ತಿಂಗಳ ನಾ ಮಲಗಿದ್ರ ಯಾರ ನೋಡತಿದ್ರ?"

ಅವಳ ದನಿಯಲ್ಲಿ ದೂರು ಇರಲಿಲ್ಲ. ನನಗೆ ಅವ್ವನ ರೊಟ್ಟಿ, ಚಹಾ ಒಂದು ದಿನವೂ ತಪ್ಪಿರಲಿಲ್ಲ, ನಾನೂ ಖಾನಾವಳಿಯ ಗಿರಾಕಿಯ ಹಾಗೆ ತಾಟು ಮುಂದಿಟ್ಟುಕೊಂಡು ಕೂತಿದ್ದೆ. ಮಂಚದ ಮೇಲೆ ಮಲಗಿದ್ದ ಚಿಗವ್ವ ಅಲ್ಲಿಂದಲೇ ಕೂಗಿದಳು: "ಅಕ್ಕಾ, ಮುಯ್ಯಿ ಇಲ್ಲ ಅಂದ್ಯಲ್ಲ? ನನ್ನ ಮೂರ ತಿಂಗಳ ಮುಗೀಲಿ, ನಿನ್ನ ಅಡಗಿಮನಿಗೆ ನಾ ಬರತೇನಿ. ಬ್ಯಾಡ ಅಂದ್ರ ಬಾಗಿಲದಾಗ ಕುಂದರತೇನಿ." ಹಾಲಿನವಳೂ ಹೂಂಗುಟ್ಟಿದಳು. ನಾನು ಕೈ ತೊಳೆದುಕೊಂಡು, ಅವ್ವನನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮುಂದೆ ನಿಂತೆ. ನನ್ನ ಮೊದಲ ರೊಟ್ಟಿಯನ್ನು ನೋಡಿ ಚಿಗವ್ವ, ಇದನ್ನು ಖಾನಾವಳಿಗೆ ಕಳಿಸಬೇಡಿ ಅಂದಳು.

ಚಿಗವ್ವನನ್ನು ಮರುಪರೀಕ್ಷೆಗೆ ಕರೆದೊಯ್ದ ದಿನ ಅವ್ವನನ್ನೂ ಕರೆದುಕೊಂಡು ಹೋದೆ. ಚಿಗವ್ವನದು ಚೆನ್ನಾಗಿ ಮಾಗಿತ್ತು. ಆಮೇಲೆ ಅವ್ವ ಪರದೆಯ ಹಿಂದೆ ಹೋದಳು. ಡಾಕ್ಟರು ಬಹಳ ಹೊತ್ತು ನೋಡಿ, ಹೊರಗೆ ಬಂದು, ಅವ್ವ ಸೀರೆ ಸರಿಪಡಿಸಿಕೊಂಡು ಬಂದು ಕೂರುವವರೆಗೂ ಕಾದರು. ಯಾವತ್ತೂ ಪ್ರಶ್ನೆ ಕೇಳುವ ನಾನು ಅಂದು ಏನೂ ಕೇಳಲಿಲ್ಲ. ಅವರು ಪೆನ್ನು ತೆಗೆದುಕೊಂಡು ಕೇಳಿದರು.

"ಎಷ್ಟ ವರ್ಷದಿಂದ ಐತ್ರಿ ಇದು?"

ಅವ್ವ ಬೆರಳು ಮಡಿಚಿ ಲೆಕ್ಕ ಹಾಕಿದಳು. ಆಮೇಲೆ ನನ್ನ ಕಡೆ ಕೈ ಮಾಡಿ, "ಇಕಿ ವಯಸ್ಸ ಎಷ್ಟ ಕೇಳ್ರಿ" ಅಂದಳು.

ಡಾಕ್ಟರು ನನ್ನ ವಯಸ್ಸು ಕೇಳಿದರು. ಹೇಳಿದೆ. ಅದನ್ನೇ ಬರೆದುಕೊಂಡರು.